ಎಂಜಿನ್ ಬಿಚ್ಚಿಸುವ ಮುಂಚೆ

“ಗಾಡಿಗೆ ಸಿಗೋದೇ ಎಂಬತ್ತು ಸಾವಿರ. ಎಂಜಿನ್ ಕೆಲಸಕ್ಕೆ ಅರವತ್ತು ಹೇಳ್ತಾರೆ. ಯಾರಾದ್ರೂ ಹಾಕ್ತಾರೇನಣ್ಣ? ಬಂದಷ್ಟಕ್ಕೆ ಕೊಟ್ಟು ಕೈ ತೊಳ್ಕೊ.”

ಕಡೂರು, ಬೀರೂರು, ತರೀಕೆರೆ, ಅಜ್ಜಂಪುರ, ಎಲ್ಲೇ ಇರಲಿ, ಗ್ಯಾರೇಜಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ. ಕೇಳಲು ಸರಿಯಾಗಿಯೇ ಇದೆ. ಆದರೆ ಇದು ಗಾಡಿ ಮಾರುವವನ ಲೆಕ್ಕ, ಓಡಿಸುವವನದಲ್ಲ. ನಾಳೆಯೇ ಮಾರುವುದಾದರೆ ಮಾರುಕಟ್ಟೆ ಬೆಲೆ ನೋಡಬೇಕು, ನಿಜ. ಇಟ್ಟುಕೊಂಡು ಓಡಿಸುವವರು ಕೇಳಬೇಕಾದದ್ದು ಬೇರೆ: ಈ ದುಡ್ಡು ಹಾಕಿದರೆ ಗಾಡಿ ಇನ್ನೆಷ್ಟು ವರ್ಷ ಓಡುತ್ತದೆ, ವರ್ಷಕ್ಕೆ ಎಷ್ಟು ಬೀಳುತ್ತದೆ, ಇದೇ ಓಡಾಟಕ್ಕೆ ಬೇರೆ ಗಾಡಿ ತಂದರೆ ವರ್ಷಕ್ಕೆ ಎಷ್ಟು? ಈ ಮೂರಕ್ಕೂ ಉತ್ತರ ಸಿಗಬೇಕಾದರೆ ಎಂಜಿನ್‌ಗಿಂತ ಹೆಚ್ಚಾಗಿ ಗಾಡಿಯ ಉಳಿದ ಭಾಗವನ್ನು ನೋಡಬೇಕಾಗುತ್ತದೆ. ನಮ್ಮಲ್ಲಿ ಹೆಚ್ಚಿನವರು ಬಾನೆಟ್ ಎತ್ತಿ ನೋಡುತ್ತಾರೆ, ಗಾಡಿಯ ಕೆಳಗೆ ಮಲಗಿ ನೋಡುವುದಿಲ್ಲ.

ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರು ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡಿವೆ. ಅಜ್ಜಂಪುರವಂತೂ ಮೊನ್ನೆ ಮೊನ್ನೆಯವರೆಗೆ ತರೀಕೆರೆಯ ಭಾಗವೇ. ಆದರೂ ಗಾಡಿ ಹಾಳಾಗುವ ರೀತಿ ಊರಿಂದ ಊರಿಗೆ ಬೇರೆ. ಕಡೂರಿನದು ಬಯಲು ಸೀಮೆ: ಧೂಳು, ಬಿಸಿಲು, ಹೆದ್ದಾರಿಯ ಒಂದೇ ಸಮನೆ ಓಟ, ಜೊತೆಗೆ ಬೋರ್‌ವೆಲ್ಲಿನ ಗಡಸು ನೀರು. ಕೂಲೆಂಟ್ ಬದಲು ಅದೇ ನೀರನ್ನು ರೇಡಿಯೇಟರಿಗೆ ತುಂಬಿದರೆ ವರ್ಷಗಟ್ಟಲೆ ಸುಣ್ಣ ಕಟ್ಟುತ್ತಾ ಹೋಗಿ, ಕೊಳವೆಗಳು ಮುಚ್ಚಿ, ಒಂದು ಬೇಸಿಗೆಯ ಮಧ್ಯಾಹ್ನ ಎಂಜಿನ್ ಕುದಿಯುತ್ತದೆ. ತರೀಕೆರೆ ಕಡೆ ಮಳೆ ಮತ್ತು ತೋಟ. ಲಿಂಗದಹಳ್ಳಿ, ಕಲ್ಲತ್ತಿಗಿರಿ ದಾಟಿ 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಗೆ ಏರುವ ರಸ್ತೆ ಕ್ಲಚ್ಚನ್ನೂ ಕೂಲಿಂಗ್ ವ್ಯವಸ್ಥೆಯನ್ನೂ ಪರೀಕ್ಷಿಸುತ್ತದೆ. ಕೆಸರು ಮತ್ತು ತೇವ ತಗಡನ್ನು ತಿನ್ನುತ್ತವೆ. ಅಜ್ಜಂಪುರದಲ್ಲಿ ಈರುಳ್ಳಿ ಕಾಲ ಬಂದರೆ ಆಮ್ನಿಯೂ ಲಾರಿಯ ಕೆಲಸ ಮಾಡಬೇಕು. ಯೂರಿಯಾ, ಡಿಎಪಿ ಚೀಲ ಹೊತ್ತ ಗಾಡಿಯ ನೆಲಹಾಸು ಎತ್ತಿ ನೋಡಿ. ಚೆಲ್ಲಿದ ಗೊಬ್ಬರ ತೇವ ಎಳೆದುಕೊಂಡು ತಗಡನ್ನು ಒಳಗಿಂದಲೇ ಮುಗಿಸಿರುತ್ತದೆ.

ಹೋಗಿರುವುದು ಯಾವುದು?

“ಎಂಜಿನ್ ಕೆಲಸ ಬಂದಿದೆ” ಎಂದ ಕೂಡಲೇ ಪೂರ್ತಿ ಎಂಜಿನ್ ಹೋಯಿತು ಎಂದುಕೊಳ್ಳಬೇಡಿ. ಹೆಡ್ ಗ್ಯಾಸ್ಕೆಟ್ ಒಂದೇ ಹೋಗಿದ್ದರೂ ಗ್ಯಾರೇಜಿನಲ್ಲಿ ಇದೇ ಮಾತು ಹೇಳುತ್ತಾರೆ, ಕ್ರ್ಯಾಂಕ್ ಬೇರಿಂಗ್ ಸವೆದು ಬ್ಲಾಕ್ ಬಿಚ್ಚಬೇಕಾದಾಗಲೂ ಇದೇ ಮಾತು. ಎರಡರ ಖರ್ಚಿಗೂ ಅಜಗಜಾಂತರ.

ಮೊದಲ ಸುಳಿವು ಹೊಗೆ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಆದರೆ ಎಲ್ಲಿಂದ? ಕೆಮ್ಮಣ್ಣುಗುಂಡಿಯಿಂದ ಎಕ್ಸಲರೇಟರ್ ಬಿಟ್ಟು, ಗೇರಿನಲ್ಲೇ ಇಳಿದು ಬಂದು ಕೆಳಗೆ ಮತ್ತೆ ಒತ್ತಿದಾಗ ಒಂದು ಬುಗ್ಗೆ ನೀಲಿ ಹೊಗೆ ಬಂದು ನಿಂತುಹೋದರೆ, ಅಥವಾ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಬಂದರೆ, ಹೆಚ್ಚಾಗಿ ವಾಲ್ವ್ ಸೀಲುಗಳು ಗಟ್ಟಿಯಾಗಿವೆ ಎಂದರ್ಥ. ಇಳಿಜಾರಿನಲ್ಲಿ ಪೆಟ್ರೋಲ್ ಎಂಜಿನ್ನಿನ ಒಳಗೆ ಹೀರುವ ಬಲ ಜಾಸ್ತಿ, ಆಗ ಮೇಲಿನಿಂದ ಆಯಿಲ್ ಒಳಕ್ಕೆ ಎಳೆದುಕೊಳ್ಳುತ್ತದೆ. ಇದು ಹೆಡ್ ವರ್ಕ್, ಕೆಳಗಿನ ಬ್ಲಾಕ್ ಮುಟ್ಟಬೇಕಿಲ್ಲ. ಹಾಗಲ್ಲದೆ ಘಾಟಿ ಏರುವಾಗ, ಲೋಡ್ ಬಿದ್ದಾಗ ಒಂದೇ ಸಮ ನೀಲಿ ಹೊಗೆ ಬರುತ್ತಿದ್ದು, ಆಯಿಲ್ ಮುಚ್ಚಳ ತೆಗೆದರೆ ಬುಸುಬುಸು ಹೊಗೆ ಉಗುಳಿದರೆ ರಿಂಗ್, ಬೋರ್ ಸವೆದಿವೆ. ಮೆಕ್ಯಾನಿಕ್ಕುಗಳು ‘ಬ್ಯಾಕ್ ಕಂಪ್ರೆಷನ್’ ಎನ್ನುವುದು ಇದಕ್ಕೇ.

ಬಿಳಿ ಹೊಗೆಗೆ ಹೆದರುವ ಮುಂಚೆ ಗಡಿಯಾರ ನೋಡಿ. ಡಿಸೆಂಬರ್ ಬೆಳಿಗ್ಗೆ ಬಂದು ಐದು ನಿಮಿಷದಲ್ಲಿ ಮಾಯವಾದರೆ ಅದು ಬರೀ ಆವಿ. ಎಂಜಿನ್ ಬಿಸಿಯಾದ ಮೇಲೂ ಬರುತ್ತಿದ್ದು, ರೇಡಿಯೇಟರ್ ದಿನಾ ನೀರು ಕುಡಿಯುತ್ತಿದ್ದರೆ, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ಟೋ ಹೆಡ್ಡೋ ಹೋಗಿದೆ. ಇಂಥ ಗಾಡಿಯನ್ನು “ಊರು ಮುಟ್ಟಿಸಿಬಿಡೋಣ” ಎಂದು ಓಡಿಸಿದರೆ ಹೆಡ್ ಕೆಲಸ ಇದ್ದದ್ದು ಬೇರಿಂಗ್ ಕೆಲಸವಾಗುತ್ತದೆ, ಏಕೆಂದರೆ ನೀರು ಸೇರಿದ ಆಯಿಲ್ ಬೇರಿಂಗನ್ನು ಕಾಪಾಡುವುದಿಲ್ಲ. ಟೋಯಿಂಗ್ ದುಡ್ಡು ಉಳಿಸಲು ಹೋಗಿ ಎಂಜಿನ್ ಕಳೆದುಕೊಂಡವರು ಬಹಳ.

ಡೀಸೆಲ್ ಗಾಡಿಯ ಕಪ್ಪು ಹೊಗೆ ಮತ್ತು ‘ಪಿಕಪ್ ಇಲ್ಲ’ ಎಂಬ ದೂರಿಗೆ ಎಷ್ಟೋ ಸಲ ಕಾರಣ ಧೂಳು ತುಂಬಿದ ಏರ್ ಫಿಲ್ಟರ್, ಇಲ್ಲವೇ ಇಂಜೆಕ್ಟರ್. ಎಂಜಿನ್ ಬಿಚ್ಚುವ ವಿಷಯವೇ ಅಲ್ಲ. ಕೆಳಗಿನಿಂದ ಭಾರವಾದ ‘ಟಕ್ ಟಕ್’ ಸದ್ದು ಬರುತ್ತಿದ್ದು, ಎಕ್ಸಲರೇಟರ್ ಒತ್ತಿದಂತೆ ಜಾಸ್ತಿಯಾಗುತ್ತಿದ್ದರೆ, ಆಯಿಲ್ ದೀಪವೂ ಮಿಣುಕುತ್ತಿದ್ದರೆ ಅಲ್ಲೇ ಆಫ್ ಮಾಡಿ.

ಕಣ್ಣು, ಕಿವಿ ಹೇಳಿದ್ದನ್ನು ಮೀಟರಿನಿಂದ ಖಚಿತಪಡಿಸಿಕೊಳ್ಳಬೇಕು. ಕಂಪ್ರೆಷನ್ ಪರೀಕ್ಷೆಗೆ ಎಂಜಿನ್ ಬಿಚ್ಚುವ ಅಗತ್ಯವಿಲ್ಲ. ಸ್ಪಾರ್ಕ್ ಪ್ಲಗ್ ತೆಗೆದ ಜಾಗಕ್ಕೆ ಗೇಜ್ ಹಾಕಿ ಸೆಲ್ಫ್ ಹೊಡೆದರೆ ಪ್ರತಿ ಸಿಲಿಂಡರಿನ ಒತ್ತಡ ತಿಳಿಯುತ್ತದೆ. ಸಣ್ಣ ಪೆಟ್ರೋಲ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 150ರಿಂದ 200 ಪಿಎಸ್‌ಐ, ಡೀಸೆಲ್‌ನಲ್ಲಿ 350ರಿಂದ 450ರ ಆಸುಪಾಸು ಇರುತ್ತದೆ. ಅಂಕಿಗಿಂತ ಮುಖ್ಯ, ಎಲ್ಲ ಸಿಲಿಂಡರುಗಳೂ ಹೆಚ್ಚು ಕಡಿಮೆ ಒಂದೇ ಆಗಿರುವುದು. ಒಂದು ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡುತ್ತಾರೆ. ಒತ್ತಡ ಏರಿದರೆ ದೋಷ ರಿಂಗಿನದು, ಏರದಿದ್ದರೆ ವಾಲ್ವಿನದೋ ಗ್ಯಾಸ್ಕೆಟ್ಟಿನದೋ. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಮಾತ್ರ ಕಡಿಮೆ ಇದ್ದರೆ ನಡುವಿನ ಗ್ಯಾಸ್ಕೆಟ್ ಸುಟ್ಟಿದೆ ಎಂದು ಅನುಮಾನಿಸಬಹುದು. “ಭಾಯ್, ಬಿಚ್ಚೋ ಮುಂಚೆ ಒಂದ್ಸಲ ಕಂಪ್ರೆಷನ್ ಹಾಕಿ ನೋಡಿ, ನಂಬರ್ ಬರ್ದು ಕೊಡಿ” ಎಂದು ಕೇಳಲು ಸಂಕೋಚ ಬೇಡ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ನೋಡದೆಯೇ “ಫುಲ್ ಎಂಜಿನ್ ಮಾಡ್ಬೇಕು ಸಾರ್” ಎನ್ನುವವರ ಬಳಿಯಿಂದ ಗಾಡಿ ಎತ್ತಿಕೊಂಡು ಬರುವುದೇ ಮೇಲು.

ಹೆಡ್, ಹಾಫ್, ಫುಲ್

ಕೆಲಸ ಮೂರು ಹಂತದ್ದು. ಹೆಡ್ ಒಂದನ್ನೇ ಇಳಿಸಿ ವಾಲ್ವ್ ಕೂರಿಸಿ, ಬಾಗಿದ್ದರೆ ಲೇತಿನಲ್ಲಿ ಫೇಸಿಂಗ್ ಮಾಡಿಸಿ ಹೊಸ ಗ್ಯಾಸ್ಕೆಟ್ ಹಾಕುವುದು ಮೊದಲನೆಯದು. ಅಲ್ಯೂಮಿನಿಯಂ ಹೆಡ್ಡು ಒಮ್ಮೆ ಚೆನ್ನಾಗಿ ಕುದಿದರೆ ಬಾಗುತ್ತದೆ. ಹಲವು ಎಂಜಿನ್‌ಗಳಲ್ಲಿ 0.05 ಮಿ.ಮೀ. ದಾಟಿದರೇ ಫೇಸಿಂಗ್ ಬೇಕಾಗುತ್ತದೆ, ಅಂದರೆ ಕಣ್ಣಿಗೆ ಕಾಣುವ ಬಾಗಲ್ಲ, ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿಯೇ ನೋಡಬೇಕು. ಹೆಡ್ ಬಿರುಕು ಬಿಟ್ಟಿದೆಯೇ ಎಂದು ಒತ್ತಡ ಹಾಕಿ ನೋಡದೆ ಗ್ಯಾಸ್ಕೆಟ್ ಬದಲಿಸಿದರೆ ಅದೇ ಕೆಲಸ ಎರಡು ಸಲ ಮಾಡಿಸಬೇಕಾದೀತು.

ಎರಡನೆಯದು ರಿಂಗ್, ಬೇರಿಂಗ್ ಬದಲಿಸುವ ‘ಹಾಫ್ ಎಂಜಿನ್’. ಬೋರು ಅಳತೆಯೊಳಗಿದ್ದರೆ ಇದು ಸರಿಯಾದ ಕೆಲಸ. ಬೋರು ಮೊಟ್ಟೆಯಂತೆ ಓರೆಯಾಗಿದ್ದರೂ “ಸದ್ಯಕ್ಕೆ ರಿಂಗ್ ಹಾಕಿ ಕೊಡಿ” ಎನ್ನುವುದು ದುಡ್ಡು ಹೊಳೆಗೆ ಹಾಕಿದ ಹಾಗೆ. ಹೊಸ ದುಂಡು ರಿಂಗು ಸವೆದ ಗೋಡೆಗೆ ಕೂರುವುದಿಲ್ಲ, ಸ್ವಲ್ಪ ದಿನಕ್ಕೇ ಹೊಗೆ ವಾಪಸ್ಸು. ಹೀಗೆ ಮಾಡಿಸಿ, ದಪ್ಪ ಆಯಿಲ್ ಹಾಕಿ, ಹೊಗೆ ಮರೆಸಿ ಮಾರುವವರಿದ್ದಾರೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನೇ ನೆನಪಿಟ್ಟುಕೊಂಡು, ಎಂಜಿನ್ ತಣ್ಣಗಿರುವಾಗ ಹೋಗಿ ಗಾಡಿ ನೋಡಬೇಕು.

ಮೂರನೆಯದು ಪೂರ್ತಿ ಕೆಲಸ: ಬ್ಲಾಕ್ ಬಿಚ್ಚಿ, 0.25 ಅಥವಾ 0.50 ಮಿ.ಮೀ. ಓವರ್‌ಸೈಜಿಗೆ ಬೋರಿಂಗ್ ಮಾಡಿಸಿ ಅದಕ್ಕೆ ತಕ್ಕ ಪಿಸ್ಟನ್ ಕಿಟ್, ಕ್ರ್ಯಾಂಕ್ ಗ್ರೈಂಡಿಂಗ್, ಹೊಸ ಬೇರಿಂಗ್, ಆಯಿಲ್ ಪಂಪ್, ಟೈಮಿಂಗ್ ಬೆಲ್ಟ್ ಅಥವಾ ಚೈನು. ಇದರ ಲೇತ್ ಕೆಲಸ ಸಾಮಾನ್ಯವಾಗಿ ದೊಡ್ಡ ಊರಿಗೆ ಹೋಗುತ್ತದೆ. ತರೀಕೆರೆ ಕಡೆಯವರಿಗೆ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಹತ್ತಿರ, ಕಡೂರಿನವರಿಗೆ ಸುಮಾರು 40 ಕಿ.ಮೀ. ದೂರದ ಚಿಕ್ಕಮಗಳೂರು. ಬಿಚ್ಚಿ ಜೋಡಿಸುವವರು ಒಬ್ಬರು, ಬೋರಿಂಗ್ ಮಾಡುವವರು ಇನ್ನೊಬ್ಬರು ಎಂಬುದನ್ನು ನೆನಪಿಡಿ. ನಾಳೆ ತಕರಾರು ಬಂದರೆ ಒಬ್ಬರ ಮೇಲೊಬ್ಬರು ಹೇಳುತ್ತಾರೆ. ಅದಕ್ಕೇ ಎರಡಕ್ಕೂ ಬಿಲ್ ಬೇಕು, ಬೋರಿನ ಅಳತೆ ಬಿಲ್ಲಿನ ಮೇಲೇ ಬರೆದಿರಬೇಕು.

ನಾಲ್ಕನೆಯ ದಾರಿಯೊಂದಿದೆ, ಗುಜರಿಗೆ ಬಂದ ಗಾಡಿಯ ಎಂಜಿನ್ ತಂದು ಕೂರಿಸುವುದು. ಬೆಂಗಳೂರಿನ ಶಿವಾಜಿನಗರದ ಗುಜರಿಯ ಹೆಸರು ಕೇಳದ ಮೆಕ್ಯಾನಿಕ್ ಇರಲಾರ. ಕೆಲಸ ಬೇಗ ಮುಗಿಯುತ್ತದೆ, ಕೆಲವೊಮ್ಮೆ ಅಗ್ಗವೂ ಹೌದು. ಆದರೆ ಎಂಜಿನ್ ನಂಬರ್ ಆರ್‌ಸಿಯಲ್ಲಿ ಅಚ್ಚಾಗಿರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಇಂಥ ಬದಲಾವಣೆ ನೋಂದಣಿ ಪ್ರಾಧಿಕಾರದ ಗಮನಕ್ಕೆ ಬಂದು ದಾಖಲಾಗಬೇಕು. ಬಿಲ್ಲಿಲ್ಲದ, ಮೂಲ ಗಾಡಿಯ ಕಾಗದವಿಲ್ಲದ ಎಂಜಿನ್ ಕಳ್ಳ ಮಾಲಾಗಿದ್ದರೆ ಪೊಲೀಸರು ಹುಡುಕಿಕೊಂಡು ಬರುವುದು ನಿಮ್ಮ ಮನೆಗೆ. ಎಷ್ಟು ಓಡಿದೆ, ಯಾರು ಓಡಿಸಿದರು ಎಂಬುದೂ ತಿಳಿಯದ ಎಂಜಿನ್ನಿಗಿಂತ ಗೊತ್ತಿರುವ ಎಂಜಿನ್ನನ್ನೇ ಸರಿಮಾಡಿಸುವುದು ನನ್ನ ಮಟ್ಟಿಗೆ ಲೇಸು. ಬ್ಲಾಕೇ ಒಡೆದಿದ್ದರೆ ಮಾತು ಬೇರೆ.

ಕೆಳಗೆ ಮಲಗಿ ನೋಡಿ

ಎಂಜಿನ್ ಸರಿಹೋಗುತ್ತದೆ. ತುಕ್ಕು ಸರಿಹೋಗುವುದಿಲ್ಲ. ಹಳೆಯ ಗಾಡಿಯ ವಿಚಾರದಲ್ಲಿ ತೀರ್ಮಾನ ಮಾಡುವುದು ಇದೇ.

ಆಲ್ಟೊ, ವ್ಯಾಗನ್ಆರ್, ಸ್ಯಾಂಟ್ರೊ, ಇಂಡಿಕಾ, ಸ್ವಿಫ್ಟ್ ಇವೆಲ್ಲದರಲ್ಲಿ ಬೇರೆಯಾಗಿ ಚೇಸಿಸ್ ಎಂಬುದಿಲ್ಲ. ತಗಡಿನ ಬಾಡಿಯೇ ಗಾಡಿಯ ಬೆನ್ನೆಲುಬು. ಬಾಗಿಲ ಕೆಳಗಿನ ಅಂಚು, ಚಕ್ರದ ಮೇಲಿನ ಕಮಾನು, ಮುಂದಿನ ಸಸ್ಪೆನ್ಷನ್ ಕೂರುವ ಜಾಗ, ಹಿಂದಿನ ಆಕ್ಸಲ್ ಕಟ್ಟುವ ಜಾಗ, ನೆಲ ಇವನ್ನು ಟಾರ್ಚ್ ಹಿಡಿದು ನೋಡಿ, ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಒಳಗೆ ತಿಂದದ್ದು ಮೆತ್ತಗೆ ಸದ್ದು ಮಾಡುತ್ತದೆ. ಬಾಗಿಲಿಗೆ, ಬಾನೆಟ್ಟಿಗೆ ತುಕ್ಕು ಬಂದಿದ್ದರೆ ಟಿಂಕರಿಂಗ್ ಮಾಡಿಸಬಹುದು, ಅದು ಬರೀ ಅಂದದ ಪ್ರಶ್ನೆ. ಸಸ್ಪೆನ್ಷನ್ ಕೂರುವ ಜಾಗವೇ ತಿಂದುಹೋಗಿದ್ದರೆ ಆ ಗಾಡಿಗೆ ಚಿನ್ನದ ಎಂಜಿನ್ ಹಾಕಿದರೂ ಪ್ರಯೋಜನವಿಲ್ಲ. ಅಡಿಕೆ ತೋಟದೊಳಗೆ ಓಡಾಡಿ, ಚಕ್ರದ ಸಂದಿಯಲ್ಲಿ ಹಸಿ ಮಣ್ಣು ಕಟ್ಟಿಕೊಂಡೇ ಮಳೆಗಾಲ ಕಳೆದ ತರೀಕೆರೆ ಗಾಡಿಯಲ್ಲಿ ಇದನ್ನು ಮೊದಲು ನೋಡಬೇಕು. ಕಡೂರು ಬಯಲಿನ ಗಾಡಿಗಳಿಗೆ ಈ ಕಾಟ ಕಡಿಮೆ. ಅಲ್ಲಿ ಬಣ್ಣ ಬಿಸಿಲಿಗೆ ಮಾಸಿರುತ್ತದೆ, ತಗಡು ಗಟ್ಟಿಯಾಗಿರುತ್ತದೆ. ಹೊರಗಿನಿಂದ ಕಳಪೆಯಾಗಿ ಕಾಣುವ ಕಡೂರಿನ ಗಾಡಿಗೆ ಎಂಜಿನ್ ಹಾಕಿಸಲು ನಾನು ಹಿಂಜರಿಯುವುದಿಲ್ಲ. ಪಾಲಿಶ್ ಹೊಡೆದ ತೋಟದ ಗಾಡಿಗೆ ಹಿಂಜರಿಯುತ್ತೇನೆ.

ಜೀಪಿನ ಕಥೆ ಬೇರೆ. ಮಹೀಂದ್ರಾ ಜೀಪು, ಬೊಲೆರೊ, ಕ್ವಾಲಿಸ್, ಸುಮೊಗಳಿಗೆ ಏಣಿಯಂಥ ಪ್ರತ್ಯೇಕ ಫ್ರೇಮ್ ಇದೆ. ಬಾಡಿ ಕೊಳೆತರೂ ಫ್ರೇಮ್ ಗಟ್ಟಿಯಿದ್ದರೆ ಬಾಡಿ ಬದಲಿಸಬಹುದು. ಕೆಮ್ಮಣ್ಣುಗುಂಡಿಯಿಂದ ಹೆಬ್ಬೆ ಜಲಪಾತದ ಕಡೆ ಜನರನ್ನು ಕರೆದೊಯ್ಯುವಂಥ ಜೀಪುಗಳ ಮಾಲೀಕರು ಎಂಜಿನ್ ಕೆಲಸಕ್ಕೆ ಹೆದರದೇ ಇರುವುದಕ್ಕೆ ಕಾರಣ ಇದೇ. ದುಡಿಯುವ ಗಾಡಿಗೆ ಮಾರುಕಟ್ಟೆ ಬೆಲೆ ನೋಡಿ ರಿಪೇರಿ ಮಾಡಿಸುವವರು ಯಾರೂ ಇಲ್ಲ.

ಬಿಡಿಭಾಗವೂ ಒಂದು ಮಾತು. ಮಾರುತಿ 800 ತಯಾರಿಕೆ 2014ರಲ್ಲಿ, ಆಮ್ನಿಯದು 2019ರಲ್ಲಿ ನಿಂತಿತು. ಆದರೂ ಎರಡಕ್ಕೂ ಸಾಮಾನು ಸಣ್ಣ ಊರಿನ ಅಂಗಡಿಯಲ್ಲೇ ಸಿಗುತ್ತದೆ. ಸ್ವಿಫ್ಟ್, ಡಿಜೈರ್, ರಿಟ್ಜ್, ಇಂಡಿಕಾ ವಿಸ್ಟಾ ಇವುಗಳಲ್ಲಿದ್ದ ಫಿಯಟ್ ಮೂಲದ 1.3 ಲೀಟರ್ ಡೀಸೆಲ್ ಎಂಜಿನ್ನನ್ನು ಮಾರುತಿ 2020ರ ಏಪ್ರಿಲ್‌ಗೆ ಕೈಬಿಟ್ಟಿತು. ಲಕ್ಷಗಟ್ಟಲೆ ಗಾಡಿಗಳು ರಸ್ತೆಯಲ್ಲಿರುವುದರಿಂದ ಅದಕ್ಕೂ ತೊಂದರೆಯಿಲ್ಲ. ಅದರ ಟೈಮಿಂಗ್ ಚೈನು ಮಾತ್ರ ಆಯಿಲ್ ಬದಲಿಸದವರನ್ನು ಕ್ಷಮಿಸುವುದಿಲ್ಲ. ಶೆವ್ರೊಲೆ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ ಇಲ್ಲಿನ ಕಾರು ತಯಾರಿಕೆ ನಿಲ್ಲಿಸುವುದಾಗಿ 2021ರ ಸೆಪ್ಟೆಂಬರಿನಲ್ಲಿ ಘೋಷಿಸಿತು. ಇಂಥ ಗಾಡಿಗಳಾದರೆ ಎಂಜಿನ್ ಬಿಚ್ಚುವ ಮುಂಚೆಯೇ ಪಿಸ್ಟನ್ ಕಿಟ್, ಗ್ಯಾಸ್ಕೆಟ್ ಸೆಟ್ ಎಲ್ಲಿ ಸಿಗುತ್ತದೆ, ಎಷ್ಟಕ್ಕೆ ಎಂದು ಕೇಳಿಕೊಳ್ಳಿ. ಬಿಚ್ಚಿದ ಎಂಜಿನ್ ಗ್ಯಾರೇಜಿನ ಮೂಲೆಯಲ್ಲಿ ತಿಂಗಳುಗಟ್ಟಲೆ ಬಿದ್ದರೆ ಅರ್ಧ ನಟ್ಟು ಬೋಲ್ಟು ಕಾಣೆಯಾಗಿರುತ್ತವೆ.

ಕಾಗದದ ಮೇಲೆ

ಈಗ ಲೆಕ್ಕ. ಕೆಳಗಿನ ಅಂಕಿಗಳು ಉದಾಹರಣೆಗೆ ಹಿಡಿದುಕೊಂಡವು; ನಿಮ್ಮ ಗಾಡಿಯ ಅಂಕಿಗಳನ್ನು ಅದೇ ಜಾಗದಲ್ಲಿ ಹಾಕಿಕೊಳ್ಳಿ.

ಎಂಜಿನ್ ಹೋದ ಸ್ಥಿತಿಯಲ್ಲೇ ಮಾರಿದರೆ ₹35,000 ಸಿಗುತ್ತದೆ ಎನ್ನಿ. ಎಂಜಿನ್ ಕೆಲಸಕ್ಕೆ ₹55,000. ಎಂಜಿನ್ ಇಳಿಸಿದ ಮೇಲೆ ಕ್ಲಚ್ ಪ್ಲೇಟ್, ರೇಡಿಯೇಟರ್, ಹೋಸ್‌ಗಳು, ಎರಡು ಟೈರು ಎಂದು ಇನ್ನೊಂದು ₹20,000 ಬಂದೇ ಬರುತ್ತದೆ. ಇದನ್ನು ಮರೆತೇ ಜನ ಬಜೆಟ್ ಹಾಕುತ್ತಾರೆ. ಮಾರದೆ ಬಿಟ್ಟ ₹35,000 ಕೂಡ ನಿಮ್ಮ ದುಡ್ಡೇ, ಹಾಗಾಗಿ ಒಟ್ಟು ₹1,10,000 ಗಾಡಿಯ ಮೇಲಿದೆ. ಕೊನೆಗೆ ಗುಜರಿ ಬೆಲೆ ₹30,000 ವಾಪಸ್ ಬಂದರೆ ಖರ್ಚು ₹80,000. ಐದು ವರ್ಷ ಓಡಿದರೆ ವರ್ಷಕ್ಕೆ ₹16,000. ಎರಡೇ ವರ್ಷಕ್ಕೆ ಕೈಕೊಟ್ಟರೆ ₹40,000.

ಅದರ ಬದಲು ₹2,50,000ಕ್ಕೆ ಇನ್ನೊಂದು ಸೆಕೆಂಡ್ ಹ್ಯಾಂಡ್ ತಂದರೆ ಹೆಸರು ವರ್ಗಾವಣೆ, ಮೊದಲ ಸರ್ವಿಸ್ಸು, ಸಣ್ಣಪುಟ್ಟ ಕೆಲಸ ಸೇರಿ ₹2,70,000. ಐದು ವರ್ಷದ ಮೇಲೆ ₹1,30,000ಕ್ಕೆ ಮಾರಿದಿರಿ ಎಂದುಕೊಂಡರೂ ವರ್ಷಕ್ಕೆ ₹28,000. ಹೊಸದಾದರೆ, ₹5,50,000 ಕೊಟ್ಟು ಐದು ವರ್ಷದ ನಂತರ ₹3,00,000 ಬಂದರೆ, ಬಡ್ಡಿ ಬಿಟ್ಟೇ ವರ್ಷಕ್ಕೆ ₹50,000.

ಹಾಗಾದರೆ ₹80,000ವನ್ನು ₹28,000ದಿಂದ ಭಾಗಿಸಿ. ಮೂರು ವರ್ಷಕ್ಕಿಂತ ಒಂದಿಷ್ಟು ಕಡಿಮೆ ಬರುತ್ತದೆ. ರಿಪೇರಿಯಾದ ಗಾಡಿ ಮೂರು ವರ್ಷ ದಾಟಿದರೆ ಗೆದ್ದಿರಿ, ದಾಟದಿದ್ದರೆ ಸೋತಿರಿ. ತಗಡು ತಟ್ಟಿ ನೋಡಿ ಎಂದು ಅಷ್ಟು ಹೇಳಿದ್ದು ಇದಕ್ಕೇ: ಎಂಜಿನ್ ಮೂರು ವರ್ಷ ಬರುವುದು ದೊಡ್ಡದಲ್ಲ, ಸುತ್ತಲಿನ ಗಾಡಿ ಬರುತ್ತದೆಯೇ ಎಂಬುದೇ ಪ್ರಶ್ನೆ. ಇನ್ನೊಂದು ಎಚ್ಚರಿಕೆ: 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ಬೆಲೆ ಮನಸ್ಸಿನಲ್ಲಿಟ್ಟುಕೊಂಡು ಹೊಸದನ್ನೋ ಹಳೆಯದನ್ನೋ ತೂಗಬೇಡಿ.

ಗಾಡಿಯೇ ಬೇಡ ಎಂಬ ದಾರಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೇಲಿನ ₹16,000ಕ್ಕೆ ವರ್ಷದ ಸರ್ವಿಸ್ ₹8,000 ಮತ್ತು 1,000 ಸಿಸಿಯೊಳಗಿನ ಕಾರಿನ ಥರ್ಡ್ ಪಾರ್ಟಿ ವಿಮೆ ₹2,094 ಸೇರಿಸಿದರೆ ₹26,000 ದಾಟುತ್ತದೆ (2022ರ ಜೂನ್‌ನಲ್ಲಿ ಗೊತ್ತುಮಾಡಿದ ವಿಮೆ ದರ, ತೆರಿಗೆ ಬೇರೆ). ವರ್ಷಕ್ಕೆ 2,000 ಕಿ.ಮೀ. ಮಾತ್ರ ಓಡಿಸುವವರಿಗೆ ಪೆಟ್ರೋಲ್ ಹಾಕುವ ಮುಂಚೆಯೇ ಕಿ.ಮೀ.ಗೆ ₹13 ಬಿತ್ತು. ಬೀರೂರು ಜಂಕ್ಷನ್, ಕಡೂರು, ತರೀಕೆರೆ, ಅಜ್ಜಂಪುರ ಎಲ್ಲ ಕಡೆ ರೈಲಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮನೆಯ ಹೆಂಗಸರಿಗೆ ಸಾರಿಗೆ ಬಸ್ಸು ಉಚಿತ. ಮದುವೆಗೆ, ಆಸ್ಪತ್ರೆಗೆ ಬಾಡಿಗೆ ಗಾಡಿ ಹಿಡಿದರೂ ಅಗ್ಗವಾಗಬಹುದು. ಹಾಗೆಂದು, ರಾತ್ರಿ ಎರಡಕ್ಕೆ ಆಸ್ಪತ್ರೆಗೆ ಹೋಗಬೇಕಾದ ಒಂಟಿ ತೋಟದ ಮನೆಯವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅವರಿಗೆ ಗಾಡಿ ಬಾಗಿಲಲ್ಲಿ ನಿಂತಿರುವುದಕ್ಕೇ ಬೆಲೆ.

ಲೆಕ್ಕವನ್ನು ತಲೆಕೆಳಗು ಮಾಡುವ ಇನ್ನೊಂದು ಕಾಗದ ಆರ್‌ಸಿ. ಹದಿನೈದು ವರ್ಷವಾದ ಗಾಡಿಯನ್ನು ಸರ್ಕಾರ ಹಿಡಿದು ಗುಜರಿಗೆ ಹಾಕುತ್ತದೆ ಎಂದು ನಂಬಿದವರು ಇನ್ನೂ ಇದ್ದಾರೆ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಎಂಬ ಗಡಿ ದೆಹಲಿ ಸುತ್ತಮುತ್ತಲಿನದು. ಕರ್ನಾಟಕದಲ್ಲಿ ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿದ ಮೇಲೆ ತಪಾಸಣೆ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನವೀಕರಿಸಬಹುದು. ಜನರ ಬಾಯಲ್ಲಿ ಇದೇ ‘ಎಫ್‌ಸಿ’. ನವೀಕರಣದ ಶುಲ್ಕ ಮೊದಲು ₹600 ಇತ್ತು, 2022ರ ಏಪ್ರಿಲ್ 1ರಿಂದ ₹5,000 ಆಯಿತು. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ ₹10,000ಕ್ಕೆ ಏರಿಸಿದರು. ತಡವಾದರೆ ತಿಂಗಳಿಗೆ ₹500 ಹೆಚ್ಚುವರಿ. ಅವಧಿ ಮುಗಿಯುವ 60 ದಿನ ಮುಂಚಿನಿಂದಲೇ ಅರ್ಜಿ ಹಾಕಬಹುದು. ಕೆಎ-18 ಚಿಕ್ಕಮಗಳೂರಿನದು, ಕೆಎ-66 ತರೀಕೆರೆ ಕಚೇರಿಯದು. ಆರ್‌ಸಿ ಮುಗಿಯಲು ಆರು ತಿಂಗಳಿದ್ದು ಎಂಜಿನ್ನಿಗೆ ದುಡ್ಡು ಹಾಕುವುದಾದರೆ ಎಫ್‌ಸಿಯ ಖರ್ಚನ್ನೂ ಅದಕ್ಕೇ ಸೇರಿಸಿ. ಹೊಸದಾಗಿ ಐದು ವರ್ಷ ಸಿಕ್ಕ ಗಾಡಿಯಾದರೆ ಎಂಜಿನ್ ಕೆಲಸಕ್ಕೆ ಅದೇ ಒಳ್ಳೆಯ ಸಮಯ.

ವಿಮೆಯಿಂದ ಎಂಜಿನ್ ಖರ್ಚು ಬರುತ್ತದೆಂದು ಕಾಯಬೇಡಿ. ಸವೆತ, ಯಾಂತ್ರಿಕ ದೋಷ ಸಾಮಾನ್ಯ ಪಾಲಿಸಿಯ ಹೊರಗಿನವು.

ಮಾಡಿಸುವುದೇ ಆದರೆ

ಎಂಜಿನ್ ಏಕೆ ಹೋಯಿತು ಎಂಬುದನ್ನು ಸರಿಪಡಿಸದೆ ಎಂಜಿನ್ ಸರಿಪಡಿಸಬೇಡಿ. ಕುದಿದು ಹೋದದ್ದಾದರೆ ರೇಡಿಯೇಟರ್, ಫ್ಯಾನು, ವಾಟರ್ ಪಂಪು ನೋಡಲೇಬೇಕು. ಬೋರ್‌ವೆಲ್ ನೀರು ಬಿಟ್ಟು ಕೂಲೆಂಟ್ ತುಂಬಿ. “ಥರ್ಮೋಸ್ಟಾಟ್ ತೆಗೆದುಬಿಟ್ರೆ ಹೀಟೇ ಆಗಲ್ಲ ಸಾರ್” ಎಂಬ ಸಲಹೆ ನಮ್ಮ ಕಡೆ ಬಹಳ ಚಾಲ್ತಿಯಲ್ಲಿದೆ. ಒಪ್ಪಬೇಡಿ. ಅದಿಲ್ಲದ ಎಂಜಿನ್ ಸರಿಯಾದ ಬಿಸಿಗೆ ಬರುವುದೇ ತಡ. ತಣ್ಣಗೆ ಓಡಿದಷ್ಟೂ ಪೆಟ್ರೋಲ್ ಜಾಸ್ತಿ ಕುಡಿದು, ಹೊಸ ರಿಂಗು ಬೇಗ ಸವೆಯುತ್ತದೆ.

ದರ ಮಾತಾಡುವಾಗ ಹಂತ ಹಂತವಾಗಿ ಮಾತಾಡಿ. ಮೊದಲು ಹೆಡ್ ಇಳಿಸಿ ಬೋರ್ ನೋಡಬೇಕು, ಅಳೆಯಬೇಕು, ಫೋನ್ ಮಾಡಬೇಕು. ನೀವು ಹೂಂ ಎಂದ ಮೇಲೇ ಮುಂದಿನ ಕೆಲಸ. ಅಲ್ಲಿಗೇ ನಿಲ್ಲಿಸಿದರೆ ಬಿಚ್ಚಿದ ಕೂಲಿ ಎಷ್ಟು ಎಂಬುದೂ ಮೊದಲೇ ಗೊತ್ತಿರಲಿ. ಬದಲಿಸಿದ ಹಳೆಯ ಪಿಸ್ಟನ್, ಬೇರಿಂಗ್ ಎಲ್ಲ ಡಿಕ್ಕಿಯಲ್ಲಿ ಹಾಕಿ ಕೊಡಲು ಹೇಳಿ. ನಿಮಗೆ ಬೇಡವಾದರೂ ಕೇಳಿದ್ದೇವೆ ಎಂಬುದೇ ಸಾಕು. ಹಳೆಯ ಕಾರುಗಳಲ್ಲಿ ಪೆಟ್ರೋಲ್ ಹೋಸ್‌ಗಳನ್ನೂ ಈ ಸಂದರ್ಭದಲ್ಲೇ ಬದಲಿಸಿ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಕಂಡ ಶೇ. 20 ಎಥನಾಲ್ ಮಿಶ್ರಣದ ಪೆಟ್ರೋಲೇ ಈಗ ಬಂಕುಗಳಲ್ಲಿ ಸಿಗುವುದು, ಕಾರ್ಬ್ಯುರೇಟರ್ ಕಾಲದ ರಬ್ಬರು ಅದಕ್ಕೆ ತಯಾರಾದದ್ದಲ್ಲ.

ಗಾಡಿ ಕೈಗೆ ಬಂದ ಮೇಲೆ ಮೊದಲ ಸಾವಿರ ಕಿ.ಮೀ. ಎಳೆಯಬೇಡಿ, ಲೋಡ್ ಹಾಕಬೇಡಿ, ಹೆದ್ದಾರಿಯಲ್ಲಿ ಒಂದೇ ವೇಗದಲ್ಲೂ ಓಡಿಸಬೇಡಿ. ಆಯಿಲ್ಲನ್ನು ಮಾಮೂಲಿಗಿಂತ ಬಹಳ ಬೇಗ, ಸಾವಿರ ಕಿ.ಮೀ. ಒಳಗೇ ಒಮ್ಮೆ ಬದಲಿಸಬೇಕು. ಹೊಸ ಬೋರಿನ ಸಣ್ಣ ಲೋಹದ ಪುಡಿಯೆಲ್ಲ ಅದರಲ್ಲಿರುತ್ತದೆ.

ಬೇಡ ಎಂದಾದರೆ

ಗುಜರಿಯವರು ತೂಕಕ್ಕೆ ದುಡ್ಡು ಕೊಟ್ಟು ಗಾಡಿ ಎಳೆದುಕೊಂಡು ಹೋದರು ಎಂದರೆ ಕೆಲಸ ಮುಗಿಯಲಿಲ್ಲ. ಆರ್‌ಸಿ ನಿಮ್ಮ ಹೆಸರಿನಲ್ಲೇ ಇದೆ. ಆ ನಂಬರ್ ಪ್ಲೇಟು ಬೇರೆ ಗಾಡಿಗೆ ಏರಿ ಎಲ್ಲಿಯೋ ಅಪಘಾತವಾದರೆ ನೋಟಿಸ್ ಬರುವುದು ನಿಮಗೆ. ಗಾಡಿ ಬಳಕೆಗೆ ಬಾರದಂತಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕೆಂದು ಕಾಯ್ದೆಯ 55ನೇ ಕಲಮು ಹೇಳುತ್ತದೆ. 2021ರ ಗುಜರಿ ನೀತಿಯ ನಂತರ ಸರ್ಕಾರದ ನೋಂದಣಿ ಪಡೆದ ಸ್ಕ್ರ್ಯಾಪಿಂಗ್ ಕೇಂದ್ರಗಳು ಬಂದಿವೆ. ಅಲ್ಲಿ ಕೊಟ್ಟರೆ ಠೇವಣಿ ಪ್ರಮಾಣಪತ್ರ ಸಿಗುತ್ತದೆ. ಅದನ್ನು ತೋರಿಸಿದರೆ ಹೊಸ ಗಾಡಿಯ ನೋಂದಣಿ ಶುಲ್ಕ ಮಾಫಿ. ಖಾಸಗಿ ವಾಹನದ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮ ರಾಜ್ಯಗಳಿಗೆ ಅವಕಾಶ ಮಾಡಿದೆ. ಹೊಸ ಗಾಡಿ ಕೊಳ್ಳುವ ಯೋಚನೆ ಇಲ್ಲದಿದ್ದರೆ ಊರಿನ ಗುಜರಿಯವರೇ ಹೆಚ್ಚು ಕೊಡಬಹುದು. ಬ್ಯಾಟರಿ, ಹೊಸ ಟೈರು, ಸ್ಟೀರಿಯೊ ಮೊದಲೇ ಬಿಚ್ಚಿಟ್ಟುಕೊಂಡು ಬೇರೆ ಮಾರಿದರೆ ಇನ್ನೂ ಲಾಭ. ಫಾಸ್ಟ್ಯಾಗ್ ಮುಚ್ಚಿಸಿ. ಪೂರ್ತಿ ವಿಮೆ ಇದ್ದವರಾದರೆ ವಿಮಾ ಕಂಪನಿಯಿಂದ ನೋ ಕ್ಲೈಮ್ ಬೋನಸ್ಸಿನ ಪತ್ರ ಬರೆಸಿಕೊಳ್ಳಿ. ಆ ಬೋನಸ್ ಸೇರಿದ್ದು ಗಾಡಿಗಲ್ಲ, ಮಾಲೀಕರಿಗೆ. ಮೂರು ವರ್ಷದೊಳಗೆ ಇನ್ನೊಂದು ಕಾರು ಕೊಂಡರೆ ಅದರ ವಿಮೆಗೆ ಬಳಸಬಹುದು.